ಸಣ್ಣ ತಳಿಯ ಹೆಣ್ಣುನಾಯಿ ಅಕಸ್ಮಾತ್ ಗಬ್ಬವಾದಾಗ: ದಿನದ ಲೆಕ್ಕ ಹಿಡಿದು ತೊಂದರೆ ಗುರುತಿಸುವ ಕೈಪಿಡಿ

ಹಾಲಿನವರು ಗೇಟು ತೆಗೆದು ಪ್ಯಾಕೆಟ್ ಇಟ್ಟು ಹೋಗುವಷ್ಟರಲ್ಲಿ ನಮ್ಮ ಮನೆಯ ಬೆಳ್ಳಿ ಬೀದಿಗಿಳಿದಿದ್ದಳು. ನಮ್ಮ ಕಡೆ ಎಲ್ಲರೂ ಪೊಮೇರಿಯನ್ ಎಂದೇ ಕರೆಯುವ, ನಿಜವಾಗಿ ಇಂಡಿಯನ್ ಸ್ಪಿಟ್ಜ್ ಎನ್ನಬೇಕಾದ, 6 ಕಿಲೋ ತೂಕದ ಬಿಳಿ ನಾಯಿ ಅವಳು. ಹುಡುಕಿಕೊಂಡು ಹೋದಾಗ ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರ್ ಬಳಿ, ತನಗಿಂತ ಮೂರು ಪಟ್ಟು ದೊಡ್ಡದಾದ ಕಂದು ಬಣ್ಣದ ಬೀದಿನಾಯಿಯ ಪಕ್ಕದಲ್ಲಿ ನಿಂತಿದ್ದಳು. ಎತ್ತಿಕೊಂಡು ಬಂದೆವು, ಮೈ ತೊಳೆದೆವು, ಅಷ್ಟು ಹೊತ್ತಿನಲ್ಲಿ ಏನಾಗಿರಲು ಸಾಧ್ಯ ಎಂದುಕೊಂಡು ಮರೆತೂಬಿಟ್ಟೆವು. ಸುಮಾರು ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಅವಳ ಹಾಸಿಗೆಯ ಮೇಲೆ ಕಡುಹಸಿರು ಬಣ್ಣದ ಕಲೆಯೊಂದು ಕಂಡಿತು.

ಪಶುವೈದ್ಯರು ಅವಳ ಹೊಟ್ಟೆ ಮುಟ್ಟುವುದಕ್ಕೂ ಮುಂಚೆ ಕೇಳಿದ ಪ್ರಶ್ನೆ, "ಯಾವ ತಾರೀಕು ಕೂಡಿತು?" ಎಂಬುದು. "ಗೌರಿ ಹಬ್ಬದ ಆಚೀಚೆ ಇರಬೇಕು ಸರ್" ಎಂಬುದಕ್ಕಿಂತ ಖಚಿತವಾದ ಉತ್ತರ ನಮ್ಮಲ್ಲಿರಲಿಲ್ಲ. ಆ ಆಚೀಚೆಯಲ್ಲಿ ಹತ್ತು ದಿನದ ಅಂತರವಿತ್ತು. ಅದು 58ನೆಯ ದಿನವಾಗಿದ್ದರೆ ಒಳಗಿರುವ ಮರಿಯ ಶ್ವಾಸಕೋಶ ಇನ್ನೂ ಬಲಿಯದೆ ಇರಬಹುದಿತ್ತು. 68ನೆಯ ದಿನವಾಗಿದ್ದರೆ ಹೆರಿಗೆಯ ಹೊತ್ತು ಆಗಲೇ ಮೀರಿರಬಹುದಿತ್ತು. ಈ ಕೈಪಿಡಿಯನ್ನು ಬರೆಯಲು ಕಾರಣ ಅದೇ ಪ್ರಶ್ನೆ. ಬಯಸದೆ ಗಬ್ಬವಾದ ಸಣ್ಣ ನಾಯಿಯಲ್ಲಿ ಕಾಣುವ ಪ್ರತಿಯೊಂದು ಲಕ್ಷಣದ ಅರ್ಥವೂ ಅದು ಎಷ್ಟನೆಯ ದಿನ ಕಂಡಿತು ಎಂಬುದರ ಮೇಲೆ ನಿಂತಿರುತ್ತದೆ. ಅದೇ ಹಸಿರು ಸ್ರಾವ, ಅದೇ ನಡುಕ, ಅದೇ ಊಟ ಬಿಡುವಿಕೆ ಒಂದು ದಿನ ಸಹಜವಾಗಿದ್ದು, ಇನ್ನೊಂದು ದಿನ ಪ್ರಾಣಕ್ಕೆ ಎರವಾಗುತ್ತದೆ. ನಾನು ವೈದ್ಯನಲ್ಲ; ಹಲವು ವರ್ಷ ಸಣ್ಣ ನಾಯಿಗಳನ್ನು ಸಾಕಿ, ವೈದ್ಯರ ಮೇಜಿನ ಪಕ್ಕದಲ್ಲಿ ನಿಂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಚಿಕಿತ್ಸೆ ವೈದ್ಯರದ್ದು, ಲೆಕ್ಕ ಇಡುವ ಕೆಲಸ ಸಾಕಿದವರದ್ದು.

ಮೊದಲು ತಾರೀಕು ಗೊತ್ತುಮಾಡುವುದು

ಸಣ್ಣ ತಳಿಯ ನಾಯಿ ಸಾಮಾನ್ಯವಾಗಿ 6 ತಿಂಗಳಿನಿಂದ 12 ತಿಂಗಳ ವಯಸ್ಸಿನೊಳಗೆ ಮೊದಲ ಬಾರಿ ಬೆದೆಗೆ ಬರುತ್ತದೆ, ಆಮೇಲೆ ಹೆಚ್ಚುಕಡಿಮೆ ಆರೇಳು ತಿಂಗಳಿಗೊಮ್ಮೆ. ಮೊದಲ ಒಂಬತ್ತು ದಿನಗಳ ಹೊತ್ತು ಯೋನಿಯ ತುಟಿಗಳು ಊದಿಕೊಂಡು ರಕ್ತ ಹನಿಯುತ್ತದೆ, ಗಂಡುನಾಯಿಗಳು ಮನೆಯ ಸುತ್ತ ಸೇರಿದರೂ ಹೆಣ್ಣು ಹತ್ತಿರ ಬಿಡುವುದಿಲ್ಲ. ನಂತರದ ಒಂಬತ್ತು ದಿನಗಳಲ್ಲಿ ಸ್ರಾವದ ಕೆಂಪು ತಿಳಿಯಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ, ಬೆನ್ನಿನ ಬುಡ ಮುಟ್ಟಿದರೆ ಬಾಲ ಪಕ್ಕಕ್ಕೆ ಸರಿಯುತ್ತದೆ, ಮತ್ತು ಗಬ್ಬ ಕಟ್ಟುವುದು ಈ ಅವಧಿಯಲ್ಲಿ. ರಕ್ತ ನಿಂತಿತು, ಬೆದೆ ಮುಗಿಯಿತು ಎಂದು ಗೇಟಿನ ಕಾವಲು ಸಡಿಲಿಸುವವರು ಎಡವುವುದು ಇಲ್ಲೇ. ತನ್ನನ್ನು ತಾನೇ ನೆಕ್ಕಿ ಶುಚಿಯಾಗಿಟ್ಟುಕೊಳ್ಳುವ ಸಣ್ಣ ನಾಯಿಗಳಲ್ಲಿ ರಕ್ತ ಕಣ್ಣಿಗೆ ಬೀಳದೆಯೂ ಹೋಗಬಹುದು. ಬಿಳಿ ಬಟ್ಟೆಯೊಂದನ್ನು ಹಾಸಿಗೆಯ ಮೇಲೆ ಹಾಸಿಟ್ಟರೆ ಮೊದಲ ಹನಿ ಬಿದ್ದ ದಿನ ತಿಳಿಯುತ್ತದೆ.

ಎರಡು ನಾಯಿಗಳು ಬೆನ್ನಿಗೆ ಬೆನ್ನು ಮಾಡಿ ಗಂಟು ಬಿದ್ದು ನಿಂತಿದ್ದರೆ ಕೂಡಿಕೆ ಪೂರ್ತಿಯಾಗಿದೆ ಎಂದೇ ತಿಳಿಯಬೇಕು. ಗಂಡಿನ ಅಂಗದ ಬುಡ ಒಳಗೆ ಊದಿಕೊಂಡು ಹಿಡಿದಿರುವ ಈ ಸ್ಥಿತಿ 5 ನಿಮಿಷದಿಂದ ಅರ್ಧ ಗಂಟೆಯವರೆಗೂ ಇರುತ್ತದೆ. ಆಗ ಕೋಲಿನಿಂದ ಹೊಡೆದು, ನೀರು ಸುರಿದು, ಕಾಲು ಹಿಡಿದು ಎಳೆದು ಬಿಡಿಸಲು ಹೋದರೆ 5 ಕಿಲೋ ತೂಕದ ಹೆಣ್ಣಿನ ಯೋನಿ ಹರಿದು ರಕ್ತಸ್ರಾವವಾಗಬಹುದು, ಗಂಡಿಗೂ ಗಾಯವಾಗಬಹುದು. ಹೆಣ್ಣು ಕುಸಿಯದಂತೆ ಹೊಟ್ಟೆಯ ಕೆಳಗೆ ಕೈಕೊಟ್ಟು, ತಾನಾಗಿ ಬಿಡುವವರೆಗೆ ಕಾಯುವುದೊಂದೇ ದಾರಿ. ಗಂಟು ಬಿದ್ದದ್ದನ್ನು ಕಣ್ಣಾರೆ ಕಾಣದಿದ್ದರೂ ಗಬ್ಬದ ಸಾಧ್ಯತೆ ಹೋಗುವುದಿಲ್ಲ. ಮನೆಗೆ ಬಂದಮೇಲೆ ಮೈ ತೊಳೆಯುವುದರಿಂದ ಒಳಗೆ ಹೋದದ್ದು ಹೊರಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಉಪಯೋಗಕ್ಕೆ ಬರುವ ಕೆಲಸಗಳು ಎರಡು: ಕುತ್ತಿಗೆ, ಭುಜ, ತೊಡೆಯ ಕೂದಲು ಬಿಡಿಸಿ ಕಚ್ಚಿದ ಗಾಯವಿದೆಯೇ ಎಂದು ನೋಡುವುದು, ಮತ್ತು ಕ್ಯಾಲೆಂಡರಿನಲ್ಲಿ ಆ ದಿನವನ್ನು ಗುರುತು ಮಾಡುವುದು. ಬೀದಿನಾಯಿ ಕಚ್ಚಿದ ಗುರುತಿದ್ದರೆ, ಹಿಂದೆ ಲಸಿಕೆ ಹಾಕಿಸಿದ್ದರೂ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಅದೇ ದಿನ ರೇಬೀಸ್ ವಿಷಯವಾಗಿ ವೈದ್ಯರನ್ನು ಕಾಣಬೇಕು.

ತಾರೀಕು ಬರೆದಿಟ್ಟರೂ ಲೆಕ್ಕದಲ್ಲಿ ಒಂದಿಷ್ಟು ಜಗ್ಗಾಟವಿದೆ. ಗಂಡಿನ ವೀರ್ಯಾಣುಗಳು ಹೆಣ್ಣಿನ ಗರ್ಭಕೋಶದಲ್ಲಿ ಒಂದು ವಾರದ ತನಕ ಬದುಕಿರಬಲ್ಲವು; ಹೆಣ್ಣುನಾಯಿಯ ಅಂಡಗಳೂ ಬಿಡುಗಡೆಯಾದಮೇಲೆ ಬಲಿಯಲು ಎರಡು ದಿನ ಬೇಕು. ಆದ್ದರಿಂದ ಅಂಡ ಬಿಡುಗಡೆಯಾದ ದಿನದಿಂದ ಎಣಿಸಿದರೆ ಮರಿ ಹಾಕುವುದು 63ನೆಯ ದಿನದ ಆಸುಪಾಸಿಗೇ ಆದರೂ, ಕೂಡಿದ ದಿನದಿಂದ ಎಣಿಸಿದಾಗ 57ರಿಂದ 72 ದಿನಗಳವರೆಗೆ ವ್ಯತ್ಯಾಸ ಬರುತ್ತದೆ. ಬೆದೆಯ ಮೊದಲ ರಕ್ತ ಕಂಡ ದಿನ, ಕೂಡಿದ ದಿನ, ಗಂಡನ್ನು ಹತ್ತಿರ ಬಿಡದೆ ಗುರುಗುಟ್ಟತೊಡಗಿದ ದಿನ, ಈ ಮೂರೂ ಗೊತ್ತಿದ್ದರೆ ವೈದ್ಯರು ಆ ಅಂತರವನ್ನು ಬಹಳಷ್ಟು ಕಿರಿದು ಮಾಡಬಲ್ಲರು. ಒಂದೇ ಬೆದೆಯಲ್ಲಿ ಎರಡು ಗಂಡುಗಳೊಂದಿಗೆ ಕೂಡಿದ್ದರೆ ಒಂದೇ ಸೂಲಿನಲ್ಲಿ ಎರಡು ತಂದೆಯ ಮರಿಗಳಿರುವುದು ಸಾಧ್ಯ, ಹಾಗಾಗಿ ಮನೆಯ ಸಣ್ಣ ಗಂಡಿನ ಜೊತೆ ಮೊದಲೇ ಕೂಡಿಸಿದ್ದೆವು ಎಂಬ ಸಮಾಧಾನವೂ ನಿಲ್ಲುವುದಿಲ್ಲ.

ಮೊದಲ ನಾಲ್ಕು ವಾರ: ಏನೂ ಕಾಣದ ಕಾಲ

ಈ ಅವಧಿಯಲ್ಲಿ ನಾಯಿಯಲ್ಲಿ ತೊಂದರೆ ಏನೂ ಕಾಣುವುದಿಲ್ಲ, ಆದರೆ ಮನೆಯವರು ಮಾಡುವ ತಪ್ಪುಗಳಿಂದ ತೊಂದರೆ ಹುಟ್ಟುತ್ತದೆ. ಹೆಂಗಸರು ತೆಗೆದುಕೊಳ್ಳುವ ತುರ್ತು ಗರ್ಭನಿರೋಧಕ ಮಾತ್ರೆಯನ್ನು ಬೆಲ್ಲದಲ್ಲಿ ಹುದುಗಿಸಿ ತಿನ್ನಿಸಿದವರನ್ನು ನಾನು ಕಂಡಿದ್ದೇನೆ. ನಾಯಿಯ ದೇಹದ ಚಕ್ರ ಬೇರೆ, ಹಾರ್ಮೋನುಗಳ ನಡೆ ಬೇರೆ. ಮನುಷ್ಯರ ತೂಕಕ್ಕೆ ಮಾಡಿದ ಮಾತ್ರೆ ನಾಯಿಗೆ ಔಷಧವಲ್ಲ. ಪರಂಗಿಕಾಯಿ, ಎಳ್ಳು, ಬಿಸಿ ಪದಾರ್ಥಗಳಿಂದ ನಾಯಿಯ ಗಬ್ಬ ಇಳಿಯುತ್ತದೆಂದು ನಂಬಲು ಆಧಾರವಿಲ್ಲ, ಅವುಗಳಿಂದ ಬೆಲೆಬಾಳುವ ದಿನಗಳು ಕಳೆದುಹೋಗುತ್ತವೆ ಅಷ್ಟೆ.

ಇನ್ನೊಂದು ಹಳೆಯ ವಾಡಿಕೆ, ಕೂಡಿದ ಮರುದಿನವೇ ಈಸ್ಟ್ರೋಜನ್ ಇಂಜೆಕ್ಷನ್ ಹಾಕಿಸುವುದು. ಅದು ಎರಡು ರೀತಿಯಲ್ಲಿ ಕೆಡುಕು ಮಾಡುತ್ತದೆ: ಗರ್ಭಕೋಶದ ಬಾಯಿಯನ್ನು ತೆರೆದಿಟ್ಟು ಒಳಗೆ ಕೀವು ಕಟ್ಟುವ ಅಪಾಯವನ್ನು ಹೆಚ್ಚಿಸುತ್ತದೆ, ಮತ್ತು ಮೂಳೆಯ ಮಜ್ಜೆಯನ್ನು ಕುಗ್ಗಿಸಿ ರಕ್ತಕಣಗಳ ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಎಂದು ಒತ್ತಾಯಿಸುವ ಮುನ್ನ ಇದು ನೆನಪಿರಲಿ. ಗಬ್ಬ ಬೇಡವೆಂದಾದರೆ, ಮುಂದೆಯೂ ಮರಿ ಬೇಡವೆಂದಿದ್ದರೆ, ಬೆದೆ ಇಳಿದ ಮೇಲೆ ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯೇ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಭದ್ರವಾದ ದಾರಿ. ಕೂಡಿದ ಮೂರ್ನಾಲ್ಕು ವಾರದೊಳಗೆ ಇದನ್ನು ಮಾಡಿಸಿದರೆ ಗರ್ಭಕೋಶ ಇನ್ನೂ ಹೆಚ್ಚು ಊದಿರುವುದಿಲ್ಲ, ರಕ್ತನಾಳಗಳೂ ದಪ್ಪವಾಗಿರುವುದಿಲ್ಲ. ತಡಮಾಡಿದಷ್ಟೂ ರಕ್ತಸ್ರಾವದ ಅಪಾಯ ಏರುತ್ತದೆ. ಮುಂದೆ ಮರಿ ಬೇಕೆನ್ನುವವರಿಗೆ ಗಬ್ಬ ನಿಲ್ಲದಂತೆ ಮಾಡುವ ಆಗ್ಲೆಪ್ರಿಸ್ಟೋನ್ ಎಂಬ ಇಂಜೆಕ್ಷನ್ ಇದೆ, ಕ್ಯಾಬರ್ಗೋಲಿನ್ ಜೊತೆಗೆ ಪ್ರೋಸ್ಟಾಗ್ಲಾಂಡಿನ್ ಕೊಡುವ ಕ್ರಮವೂ ಇದೆ. ಇವು ವೈದ್ಯರ ಕಣ್ಣಳತೆಯಲ್ಲೇ ನಡೆಯಬೇಕಾದ ಚಿಕಿತ್ಸೆಗಳು, ಮತ್ತು ಮುಗಿದಮೇಲೆ ಗರ್ಭಕೋಶ ಖಾಲಿಯಾಗಿದೆಯೇ ಎಂದು ಸ್ಕ್ಯಾನಿಂಗಿನಲ್ಲಿ ನೋಡಲೇಬೇಕು.

ಬೀದಿನಾಯಿಯೊಂದಿಗೆ ಕೂಡಿದ ನಾಯಿಗೆ ಗಬ್ಬ ನಿಲ್ಲದಿದ್ದರೂ ಅಂಟಿಕೊಳ್ಳಬಹುದಾದ ಒಂದು ರೋಗ ನಮ್ಮ ಊರುಗಳಲ್ಲಿ ಸಾಮಾನ್ಯ. ಬೆದೆ ಮುಗಿದು ಎಷ್ಟೋ ವಾರಗಳಾದರೂ ಯೋನಿಯಿಂದ ತಾಜಾ ರಕ್ತ ತೊಟ್ಟಿಕ್ಕುತ್ತಿದ್ದು, ಒಳಗೆ ಹೂಕೋಸಿನಂತಹ ಮೆತ್ತನೆಯ ಗಡ್ಡೆ ಕಂಡರೆ ಅದು ಕೂಡುವಿಕೆಯಿಂದ ಹರಡುವ ಟಿವಿಟಿ ಗಡ್ಡೆಯಾಗಿರಬಹುದು. ವಿನ್‌ಕ್ರಿಸ್ಟಿನ್ ಇಂಜೆಕ್ಷನ್ನನ್ನು ವಾರಕ್ಕೊಮ್ಮೆ ಕೆಲವು ವಾರ ಕೊಟ್ಟರೆ ಬಹುತೇಕ ಗುಣವಾಗುತ್ತದೆ. ಆದರೆ ಆ ಔಷಧ ಹೊಟ್ಟೆಯೊಳಗಿನ ಮರಿಗಳಿಗೆ ಹಾನಿಕರ, ಆದ್ದರಿಂದ ಗಬ್ಬವಿದೆಯೇ ಎಂಬುದು ಮೊದಲು ತೀರ್ಮಾನವಾಗಬೇಕು.

ನಿಜವಾದ ಗಬ್ಬವೇ, ಸುಳ್ಳು ಗಬ್ಬವೇ, ಕೀವೇ?

ಹೊಟ್ಟೆ ತುಸು ತುಂಬಿದೆ, ಮೊಲೆಗಳು ಗುಲಾಬಿಯಾಗಿ ಉಬ್ಬಿವೆ, ಹಳೆಯ ಚಪ್ಪಲಿಯನ್ನೋ ಬಟ್ಟೆಯ ಗೊಂಬೆಯನ್ನೋ ಮೂಲೆಗೆ ಒಯ್ದು ಕಾಯುತ್ತದೆ, ಒತ್ತಿದರೆ ಹಾಲೂ ಬರುತ್ತದೆ. ಇಷ್ಟಿದ್ದರೂ ಗಬ್ಬವಿಲ್ಲದಿರಬಹುದು. ಹೆಣ್ಣುನಾಯಿಯಲ್ಲಿ ಗಬ್ಬ ನಿಂತಿರಲಿ ಬಿಡಲಿ, ಬೆದೆಯ ನಂತರ ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಹಾರ್ಮೋನು ಏರಿದ ಮಟ್ಟದಲ್ಲೇ ಇರುತ್ತದೆ, ಮತ್ತು ಅದು ಇಳಿಯುವಾಗ ದೇಹ ತಾಯ್ತನದ ಲಕ್ಷಣಗಳನ್ನೆಲ್ಲ ತೋರಿಸುತ್ತದೆ. ಇದೇ ಸುಳ್ಳು ಗಬ್ಬ. ಈ ಕಾರಣಕ್ಕೇ ಪ್ರೊಜೆಸ್ಟರಾನ್ ಪರೀಕ್ಷೆಯೊಂದರಿಂದಲೇ ಗಬ್ಬವನ್ನು ಹೇಳಲಾಗದು. ಮೆಡಿಕಲ್ ಶಾಪಿನಲ್ಲಿ ಸಿಗುವ ಮನುಷ್ಯರ ಮೂತ್ರಪರೀಕ್ಷೆಯ ಕಿಟ್ಟಂತೂ ನಾಯಿಗೆ ಕೆಲಸವೇ ಮಾಡುವುದಿಲ್ಲ, ಏಕೆಂದರೆ ಅದು ಹುಡುಕುವ ಹಾರ್ಮೋನನ್ನು ನಾಯಿಯ ದೇಹ ಉತ್ಪಾದಿಸುವುದಿಲ್ಲ.

ಇಲ್ಲಿಯೂ ದಿನವೇ ದಾರಿ ತೋರಿಸುತ್ತದೆ. 25ನೆಯ ದಿನ ದಾಟಿದ ಮೇಲೆ ಅಲ್ಟ್ರಾಸೌಂಡ್ ಮಾಡಿಸಿದರೆ ಮರಿಗಳ ಚೀಲಗಳೂ ಎದೆಬಡಿತವೂ ಕಾಣುತ್ತವೆ. ಸುಮಾರು 30 ದಿನವಾದ ಮೇಲೆ ರಿಲ್ಯಾಕ್ಸಿನ್ ಎಂಬ ರಕ್ತಪರೀಕ್ಷೆಯೂ ವಿಶ್ವಾಸಾರ್ಹ. ಅದಕ್ಕೂ ಮುಂಚೆ ಮಾಡಿಸಿ "ಏನೂ ಇಲ್ಲ" ಎಂಬ ಫಲಿತಾಂಶ ಬಂದರೆ ನಂಬಿ ಕೂರಬಾರದು, ಹತ್ತು ದಿನ ಬಿಟ್ಟು ಮತ್ತೆ ಮಾಡಿಸಬೇಕು. ಮರಿಯ ಮೂಳೆಗಳಲ್ಲಿ ಸುಣ್ಣದ ಅಂಶ ಸೇರುವುದು 45ನೆಯ ದಿನದ ಸುಮಾರಿಗೆ, ಆದ್ದರಿಂದ ಎಕ್ಸ್‌ರೇ ಅದಕ್ಕಿಂತ ಮೊದಲು ನಿರುಪಯೋಗ. ಹೊಟ್ಟೆ ಹಿಸುಕಿ ನೋಡುವ ಕೆಲಸವನ್ನು ಮನೆಯಲ್ಲಿ ಯಾರೂ ಮಾಡಬಾರದು.

ಈ ಮೂರರಲ್ಲಿ ನಾಯಿಯನ್ನು ಸಾಯಿಸಬಲ್ಲದ್ದು ಗರ್ಭಕೋಶದಲ್ಲಿ ಕೀವು ಕಟ್ಟುವ ಪಯೋಮೆಟ್ರಾ. ಬೆದೆ ಮುಗಿದ ನಾಲ್ಕರಿಂದ ಎಂಟು ವಾರದೊಳಗೆ, ಅಂದರೆ ಗಬ್ಬವೆಂದು ನಾವು ನಂಬಿ ಕೂತಿರುವ ಕಾಲದಲ್ಲೇ, ಇದು ಸಾಮಾನ್ಯವಾಗಿ ಕಾಣಿಸಿಕೊಳ್ಳುತ್ತದೆ. ನಾಯಿ ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ಪದೇಪದೇ ಉಚ್ಚೆ ಹೊಯ್ಯುತ್ತದೆ, ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ಮಂಕಾಗಿ ಮಲಗುತ್ತದೆ. ಗರ್ಭಕೋಶದ ಬಾಯಿ ತೆರೆದಿದ್ದರೆ ಹಳದಿಯೋ ಕಂದೋ ಬಣ್ಣದ ಕೆಟ್ಟ ವಾಸನೆಯ ಸ್ರಾವ ಬರುತ್ತದೆ. ಬಾಯಿ ಮುಚ್ಚಿದ್ದರೆ ಒಂದು ಹನಿಯೂ ಹೊರಬರದೆ ಹೊಟ್ಟೆ ಮಾತ್ರ ಊದುತ್ತದೆ, ಮನೆಯವರು ಅದನ್ನು ಮರಿಗಳೆಂದು ತಿಳಿದು ಇನ್ನಷ್ಟು ಅನ್ನ ಹಾಕುತ್ತಾರೆ. ಗಬ್ಬದ ನಾಯಿಗೂ ನಾಲ್ಕನೆಯ ವಾರದ ಹೊತ್ತಿಗೆ ಒಂದೆರಡು ದಿನ ಊಟ ಸೇರದಿರುವುದುಂಟು; ಆದರೆ ಬಾಯಾರಿಕೆ ಹೆಚ್ಚಿ ಮಂಕು ಕವಿದರೆ ಅದು ಬೇರೆಯೇ ಕಥೆ. ಅಂದೇ ಸ್ಕ್ಯಾನಿಂಗ್ ಆಗಬೇಕು, ಕೀವಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆಯಾಗಬೇಕು. ನಂಜು ರಕ್ತಕ್ಕೆ ಏರಿದ ಮೇಲೆ ಸಣ್ಣ ದೇಹದಲ್ಲಿ ತಡೆದುಕೊಳ್ಳುವ ಶಕ್ತಿ ಬಹಳ ಹೊತ್ತು ಉಳಿಯುವುದಿಲ್ಲ.

ಸ್ರಾವದ ಬಣ್ಣವನ್ನು ದಿನದೊಂದಿಗೆ ಸೇರಿಸಿ ಓದುವುದು

ಗಬ್ಬದ ನಡುಗಾಲದಲ್ಲಿ ಲೋಳೆಯಂತಹ, ವಾಸನೆಯಿಲ್ಲದ ತಿಳಿ ಸ್ರಾವ ತುಸು ಬಂದರೆ ಹೆದರಬೇಕಾಗಿಲ್ಲ. 45ರಿಂದ 55ನೆಯ ದಿನದ ನಡುವೆ ಕಂದು ಅಥವಾ ಬೂದು ಬಣ್ಣದ ಸ್ರಾವದೊಂದಿಗೆ ಮರಿ ಕಳಚಿಬಿದ್ದರೆ ಬ್ರುಸೆಲ್ಲಾ ಸೋಂಕನ್ನು ಸಂಶಯಪಡಬೇಕು. ಇದು ಮನುಷ್ಯರಿಗೂ ಅಂಟುವ ರೋಗ, ಹಾಗಾಗಿ ಬರಿಗೈಯಲ್ಲಿ ಮುಟ್ಟದೆ ಕೈಗವಸು ಹಾಕಿಕೊಂಡೇ ಶುಚಿ ಮಾಡಿ ಪರೀಕ್ಷೆ ಮಾಡಿಸಬೇಕು, ಮನೆಯಲ್ಲಿ ಬಸುರಿಯರಿದ್ದರೆ ಅವರನ್ನು ದೂರವಿಡಬೇಕು.

ಕಡುಹಸಿರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಂಡಾಗ ಅದರ ಅಂಚಿನಲ್ಲಿರುವ ಹಸಿರು ಬಣ್ಣದ ದ್ರವ ಹೊರಬರುತ್ತದೆ. ಒಂದು ಮರಿ ಹೊರಬಂದ ಮೇಲೆ ಈ ಬಣ್ಣ ಕಂಡರೆ ಅದು ಸಹಜ. ಮೊದಲ ಮರಿ ಹುಟ್ಟುವುದಕ್ಕೂ ಮುಂಚೆ ಕಂಡರೆ ಒಳಗೆ ಯಾವುದೋ ಮರಿಯ ಮಾಸು ಕಳಚಿದೆ, ಅದಕ್ಕೆ ಆಮ್ಲಜನಕ ತಲುಪುತ್ತಿಲ್ಲ ಎಂದು ಅರ್ಥ, ಆಗ ಕಾಯುವ ಸಮಯವನ್ನು ನಿಮಿಷಗಳಲ್ಲಿ ಎಣಿಸಬೇಕು. ಬೆಳ್ಳಿಯ ಹಾಸಿಗೆಯ ಮೇಲೆ ಕಂಡದ್ದು ಇದೇ ಎರಡನೆಯ ಬಗೆಯ ಹಸಿರು. ನಾವು ಅದನ್ನು ಸೊಪ್ಪು ತಿಂದು ಕಕ್ಕಿದ್ದೆಂದು ಭಾವಿಸಿ ಒರೆಸಿ, ಕಾಫಿ ಕುಡಿದು, ಎರಡನೆಯ ಕಲೆ ಕಾಣುವ ತನಕ ಒಂದು ಗಂಟೆ ಕಳೆದೆವು. ಆ ಒಂದು ಗಂಟೆಯ ನೆನಪು ಇಂದಿಗೂ ನನ್ನನ್ನು ಕಾಡುತ್ತದೆ.

ಸಣ್ಣ ನಾಯಿಗೆ ಅಪಾಯ ಹೆಚ್ಚೇಕೆ

ತಂದೆ ದೊಡ್ಡ ನಾಯಿಯಾದರೆ ಮರಿ ದೊಡ್ಡದಾಗಿ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಭಯ, ಮತ್ತು ಅದು ಪೂರ್ತಿ ಸುಳ್ಳಲ್ಲ. ಆದರೆ ಮರಿ ಎಷ್ಟು ಬೆಳೆಯುತ್ತದೆ ಎಂಬುದನ್ನು ತಾಯಿಯ ಗರ್ಭಕೋಶದ ಜಾಗವೂ ಮಾಸಿನ ಪೋಷಣೆಯೂ ಒಂದು ಮಟ್ಟಿಗೆ ಹಿಡಿದಿಡುತ್ತವೆ. ನಿಜವಾದ ಕುತ್ತು ಎಷ್ಟೋ ಸಲ ಮರಿಗಳ ಸಂಖ್ಯೆಯಲ್ಲಿರುತ್ತದೆ. ಸಣ್ಣ ತಳಿಗಳಲ್ಲಿ ಒಂದೇ ಒಂದು ಮರಿ ನಿಲ್ಲುವುದು ಅಪರೂಪವಲ್ಲ. ಹೆರಿಗೆ ಶುರುಮಾಡುವ ಸಂದೇಶ ಹೊರಡುವುದು ಮರಿಗಳ ದೇಹದಿಂದ. ಒಂಟಿ ಮರಿಯ ಸಂದೇಶ ಸಾಲದೆ ಹೋದಾಗ ನೋವೇ ಬರುವುದಿಲ್ಲ, ದಿನ ಮೀರುತ್ತದೆ, ಒಬ್ಬನೇ ಉಂಡು ಬೆಳೆದ ಮರಿ ದಾರಿಗಿಂತ ದೊಡ್ಡದಾಗುತ್ತದೆ, ಕೊನೆಗೆ ಮಾಸು ಹಳತಾಗಿ ಕಳಚುತ್ತದೆ. ಹೊಟ್ಟೆ ಹೆಚ್ಚು ಕಾಣದೆ ಇರುವುದರಿಂದ ಮನೆಯವರಿಗೆ ಗಬ್ಬದ ಸುಳಿವೂ ಇರುವುದಿಲ್ಲ. ಬೆಳ್ಳಿಗೆ ಆದದ್ದು ಅಕ್ಷರಶಃ ಇದೇ.

ಪಗ್ ಮತ್ತು ಶಿಹ್‌ಟ್ಸೂಗಳಂತಹ ಚಪ್ಪಟೆ ಮುಖದ ತಳಿಗಳಲ್ಲಿ ಮರಿಯ ತಲೆ ಅಗಲ, ಪಗ್ ತಾಯಿಗೆ ಸೊಂಟದ ದಾರಿಯೂ ಇಕ್ಕಟ್ಟು. ತಂದೆ ಯಾವ ನಾಯಿಯಾಗಿದ್ದರೂ ಸಿಸೇರಿಯನ್ನಿಗೆ ಸಿದ್ಧರಾಗಿಯೇ ಇರಬೇಕು. ಮೊದಲೇ ಉಸಿರು ಕಷ್ಟದ ಈ ನಾಯಿಗಳು ನೋವಿನಲ್ಲಿ ಏದುಸಿರು ಬಿಡುವಾಗ ಮೈಕಾವು ಬೇಗ ಏರುತ್ತದೆ, ಬೇಸಿಗೆಯಲ್ಲಿ ಫ್ಯಾನು ಹಾಕದ ಕೋಣೆಯಲ್ಲಿ ಅವನ್ನು ಹೆರಿಗೆಗೆ ಬಿಡಬಾರದು. ಮೊದಲ ಬೆದೆಯಲ್ಲೇ ಗಬ್ಬವಾದ, ತನ್ನ ಮೂಳೆಯೇ ಇನ್ನೂ ಬಲಿಯದ ಏಳೆಂಟು ತಿಂಗಳ ನಾಯಿಗೂ, ಆರು ವರ್ಷ ದಾಟಿ ಮೊದಲ ಸಲ ಗಬ್ಬವಾದ ನಾಯಿಗೂ ಇದೇ ಮಾತು ಅನ್ವಯಿಸುತ್ತದೆ.

ಹಿಂದಿನ ಕಾಲದ ಲೆಕ್ಕದಲ್ಲಿ ಮರಿಗಳು ಹೆಚ್ಚಿದ್ದಷ್ಟೂ ಸಂತೋಷ. 4 ಕಿಲೋ ತೂಕದ ತಾಯಿಗೆ ಐದು ಮರಿ ನಿಂತಾಗ ಕೊನೆಯ ಎರಡು ವಾರ ಹೊಟ್ಟೆಯಲ್ಲಿ ಅನ್ನಕ್ಕೆ ಜಾಗವೇ ಇರುವುದಿಲ್ಲ. ಒಮ್ಮೆಗೆ ತಿನ್ನಲಾಗದೆ ರಕ್ತದಲ್ಲಿ ಸಕ್ಕರೆ ಕುಸಿದು, ನಡೆಯುವಾಗ ತೂರಾಡುವುದು, ನಡುಗುವುದು, ಕೊನೆಗೆ ಫಿಟ್ಸ್ ಬರುವುದು ಉಂಟು. ಎಚ್ಚರವಿದ್ದರೆ ಒಸಡಿಗೆ ಗ್ಲೂಕೋಸ್ ಪುಡಿಯನ್ನೋ ಜೇನನ್ನೋ ಸವರಿ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಬದಲಿಗೆ ಕ್ಸೈಲಿಟಾಲ್ ಸೇರಿಸಿದ ತಿನಿಸು ನಾಯಿಗೆ ವಿಷ, ಅದನ್ನು ಮನೆಯ ಆ ಮೂಲೆಗೂ ತರಬಾರದು. ಆರನೆಯ ವಾರದಿಂದ ನಾಯಿಮರಿಗಳಿಗೆ ಮಾಡಿದ ಆಹಾರವನ್ನು ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವಾಗಿ ಕೊಡುವುದರಿಂದ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸಬಹುದು. 55ನೆಯ ದಿನ ದಾಟಿದಮೇಲೆ ಒಂದು ಎಕ್ಸ್‌ರೇ ತೆಗೆಸಿ ತಲೆಗಳನ್ನೂ ಬೆನ್ನುಮೂಳೆಗಳನ್ನೂ ಎಣಿಸಿಕೊಳ್ಳುವುದು ಅತ್ಯಗತ್ಯ. ಸ್ಕ್ಯಾನಿಂಗಿನಲ್ಲಿ ಸಿಗುವ ಸಂಖ್ಯೆ ಅಷ್ಟು ನಿಖರವಲ್ಲ. ಎಷ್ಟು ಮರಿ ಇವೆ ಎಂದು ಗೊತ್ತಿಲ್ಲದಿದ್ದರೆ ಹೆರಿಗೆ ಮುಗಿಯಿತೇ, ಇನ್ನೊಂದು ಒಳಗೇ ಉಳಿಯಿತೇ ಎಂಬುದು ತಿಳಿಯುವುದಾದರೂ ಹೇಗೆ?

ಹೆರಿಗೆಯ ಹೊತ್ತು: ಎಷ್ಟು ಕಾಯಬಹುದು

57ನೆಯ ದಿನದಿಂದ ಬೆಳಿಗ್ಗೆ ಸಂಜೆ ಗುದದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಮೈಕಾವನ್ನು ಬರೆದಿಡಬೇಕು. ನಾಯಿಯ ಸಹಜ ಕಾವು 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 99ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಹೆರಿಗೆ ಶುರುವಾಗುತ್ತದೆ. ಇಳಿದು ಒಂದು ಹಗಲು ಒಂದು ರಾತ್ರಿ ಕಳೆದರೂ ನೋವು ಬಾರದಿದ್ದರೆ, ಅಥವಾ ಮೊದಲ ಸಲ ಕೂಡಿದ ದಿನದಿಂದ 70 ದಿನ ಮೀರಿದರೆ, ನಾಯಿ ಎಷ್ಟೇ ಗೆಲುವಾಗಿ ಕಂಡರೂ ವೈದ್ಯರ ಬಳಿಗೆ ಒಯ್ಯಬೇಕು.

ಮೊದಲ ಹಂತದಲ್ಲಿ ನಾಯಿ ಚಡಪಡಿಸುತ್ತದೆ, ಏದುಸಿರು ಬಿಡುತ್ತದೆ, ಪೇಪರು ಬಟ್ಟೆ ಹರಿದು ಗೂಡು ಮಾಡುತ್ತದೆ. ಇದು ಸುಮಾರು 6ರಿಂದ 12 ಗಂಟೆ ನಡೆಯುತ್ತದೆ, ಆಗ ಸುಮ್ಮನೆ ಹತ್ತಿರ ಕೂತಿದ್ದರೆ ಸಾಕು. ಹೊಟ್ಟೆ ಬಿಗಿಹಿಡಿದು ತಿಣುಕಲು ಆರಂಭಿಸಿದ ಗಳಿಗೆಯಿಂದ ಗಡಿಯಾರ ನೋಡಬೇಕು. ಜೋರಾಗಿ ತಿಣುಕುತ್ತಾ 20ರಿಂದ 30 ನಿಮಿಷ ಕಳೆದರೂ ಮರಿ ಬಾರದಿದ್ದರೆ, ಒಂದು ಮರಿಯಾದ ಮೇಲೆ ಇನ್ನೂ ಒಳಗಿವೆ ಎಂದು ಗೊತ್ತಿದ್ದೂ ಎರಡು ಗಂಟೆ ಮೀರಿದರೆ, ನೀರುಚೀಲವೋ ಮರಿಯ ಬಾಲವೋ ಹೊರಗೆ ಕಂಡು ಅಲ್ಲೇ ನಿಂತುಬಿಟ್ಟರೆ, ಅದು ತೊಡಕಾದ ಹೆರಿಗೆ. ಮರಿ ಹಿಂಗಾಲು ಮುಂದಾಗಿ ಬರುವುದು ನಾಯಿಗಳಲ್ಲಿ ಸಾಮಾನ್ಯವೇ. ಕಾಲು ಕಂಡಿತೆಂದು ಗಾಬರಿಯಾಗಿ ಎಳೆಯುವುದು ಮಾತ್ರ ತಪ್ಪು.

ಯಾರೋ ಪರಿಚಯದವರು ತಂದು ಚುಚ್ಚುವ ಆಕ್ಸಿಟೋಸಿನ್ ಬಗ್ಗೆ ಕಟುವಾಗಿಯೇ ಹೇಳಬೇಕಾಗಿದೆ. ಆಕಳಿಗೆ ಹಾಕುವುದನ್ನು ನೋಡಿದವರು ನಾಯಿಗೂ ಅದೇ ಉಪಾಯವೆಂದುಕೊಳ್ಳುತ್ತಾರೆ. ದಾರಿಯಲ್ಲಿ ಮರಿ ಸಿಕ್ಕಿಕೊಂಡಿರುವಾಗ ಗರ್ಭಕೋಶವನ್ನು ಬಲವಂತವಾಗಿ ಕುಗ್ಗಿಸಿದರೆ ಗೋಡೆ ಹರಿಯಬಹುದು, ಒಳಗಿನ ಮರಿಗಳೂ ಉಸಿರುಕಟ್ಟಿ ಸಾಯಬಹುದು. ಎಕ್ಸ್‌ರೇ ನೋಡಿ, ದಾರಿ ತೆರವಿದೆ ಎಂದು ಖಾತ್ರಿಯಾದ ಮೇಲೆ ವೈದ್ಯರು ಬಹಳ ಕಡಿಮೆ ಪ್ರಮಾಣದಲ್ಲಿ ಕೊಡುವ ಔಷಧ ಅದು.

ಬೆಳ್ಳಿಯ ಎಕ್ಸ್‌ರೇಯಲ್ಲಿ ಒಂದೇ ತಲೆ ಕಂಡಿತು. ಅದರ ದವಡೆಯಲ್ಲಿ ಹಲ್ಲಿನ ಗುರುತು ಮೂಡಿರುವುದನ್ನು ಬೆಳಕಿಗೆ ಹಿಡಿದು ತೋರಿಸಿ, "ದಿನ ತುಂಬಿದೆ, ಇನ್ನು ಕಾಯುವುದಿಲ್ಲ" ಎಂದರು ವೈದ್ಯರು. ನಾವು ಹೇಳಬೇಕಾಗಿದ್ದ ತಾರೀಕನ್ನು ಆ ಹಲ್ಲಿನ ಗುರುತು ಹೇಳಿತ್ತು. ಸಿಸೇರಿಯನ್ ಮಾಡಿ ಹೊರತೆಗೆದಾಗ ಮರಿ ಸತ್ತಿತ್ತು. ಕಂದು ಬಣ್ಣದ, ಅಂಗೈಗೆ ಮೀರಿದ ಗಾತ್ರದ ಗಂಡುಮರಿ. ಅದೇ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶವನ್ನೂ ತೆಗೆದರು. ಬೆಳ್ಳಿ ಉಳಿದಳು.

ಹೆರಿಗೆಯ ನಂತರ: ನಡುಕ ಕಂಡರೆ

ಮರಿ ಹಾಕಿದ ಮೇಲೆ ನೆಮ್ಮದಿಯಾಗಿ ಉಸಿರು ಬಿಡುವವರಿಗೆ ಸಣ್ಣ ನಾಯಿಗಳ ಅತಿ ದೊಡ್ಡ ಗಂಡಾಂತರ ಇನ್ನೂ ಮುಂದಿದೆ ಎಂಬುದು ಗೊತ್ತಿರುವುದಿಲ್ಲ. ಎಕ್ಲಾಂಪ್ಸಿಯಾ ಎಂಬ ಇದು ಹೆರಿಗೆಯಾದ ಮೊದಲ ನಾಲ್ಕು ವಾರಗಳಲ್ಲಿ, ಹಾಲು ಹೆಚ್ಚಿ ಇಳಿಯುವಾಗ, ರಕ್ತದ ಕ್ಯಾಲ್ಸಿಯಂ ಕುಸಿದು ಬರುತ್ತದೆ. ನಮ್ಮ ರೈತರಿಗೆ ಆಕಳಿನ ಹಾಲುಜ್ವರ ಚೆನ್ನಾಗಿ ಗೊತ್ತು. ಕಾರಣ ಎರಡರಲ್ಲೂ ಒಂದೇ ಆದರೂ ರೂಪ ತದ್ವಿರುದ್ಧ: ಆಕಳು ತಣ್ಣಗಾಗಿ ಕುಸಿದು ಮಲಗುತ್ತದೆ, ನಾಯಿ ಸೆಟೆದುಕೊಂಡು ನಡುಗುತ್ತದೆ, ಮೈ ಕೆಂಡದಂತೆ ಸುಡುತ್ತದೆ.

ಹಾಸನದಲ್ಲಿರುವ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇದನ್ನು ಹತ್ತಿರದಿಂದ ಕಂಡೆ. ಐದು ಮರಿಗಳ ತಾಯಿ, ಹೆರಿಗೆಯಾಗಿ 16ನೆಯ ದಿನ. ಬೆಳಿಗ್ಗೆ ಮರಿಗಳ ಬಳಿ ಕೂರದೆ ಮನೆಯೆಲ್ಲ ಸುತ್ತುತ್ತಿತ್ತು, ಮುಖವನ್ನು ಗೋಡೆಗೆ ತಿಕ್ಕುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ಕೂ ಕಾಲು ಮರದ ಕುದುರೆಯ ಕಾಲಿನಂತೆ ಬಿಗಿದು, ಕಿವಿ ಹಿಂದಕ್ಕೆ ಸೆಳೆದು, ತುಟಿಯ ಅಂಚು ನಗುವವರಂತೆ ಎಳೆದುಕೊಂಡು, ಚರ್ಮದ ಕೆಳಗಿನ ಸ್ನಾಯುಗಳು ಎಳೆಎಳೆಯಾಗಿ ಕುಣಿಯುತ್ತಿದ್ದವು. ಕಾವು 106 ಡಿಗ್ರಿ ಇತ್ತು. ಆಸ್ಪತ್ರೆಯಲ್ಲಿ ವೈದ್ಯರು ಕ್ಯಾಲ್ಸಿಯಂ ಗ್ಲೂಕೋನೇಟನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತಾ, ಇನ್ನೊಂದು ಕೈಯಲ್ಲಿ ಸ್ಟೆತೊಸ್ಕೋಪನ್ನು ಎದೆಯ ಮೇಲಿಟ್ಟು ಬಡಿತ ಎಣಿಸುತ್ತಿದ್ದರು. ಬೇಗ ಹರಿಸಿದರೆ ಎದೆಬಡಿತ ನಿಂತೇ ಹೋಗಬಹುದು, ಈ ಇಂಜೆಕ್ಷನ್ನನ್ನು ಮನೆಯಲ್ಲಿ ಹಾಕಬಾರದು ಎನ್ನುವುದು ಅದಕ್ಕೆ. ಕಾಲು ಗಂಟೆಯಲ್ಲಿ ನಡುಕ ಇಳಿದು, ತುಟಿ ಸಡಿಲಾಗಿ, ನಾಯಿ ತಲೆಯನ್ನು ಚಿಕ್ಕಮ್ಮನ ತೊಡೆಯ ಮೇಲೆ ಚೆಲ್ಲಿತು.

"ಗಬ್ಬದಲ್ಲಿ ಕ್ಯಾಲ್ಸಿಯಂ ಕೊಟ್ಟಿದ್ದಿರಾ ಅಮ್ಮಾ?" ಎಂದು ವೈದ್ಯರು ಕೇಳಿದರು. "ಎರಡು ತಿಂಗಳೂ ತಪ್ಪದೆ ಸಿರಪ್ ಹಾಕಿದೀನಿ ಡಾಕ್ಟ್ರೇ, ಆದ್ರೂ ಹೀಗಾಯ್ತಲ್ಲ" ಎಂದರು ಚಿಕ್ಕಮ್ಮ. ಆದದ್ದು ಅದರಿಂದಲೇ ಇರಬಹುದು ಎಂದು ವೈದ್ಯರು ವಿವರಿಸಿದರು. ಗಬ್ಬದ ಕಾಲದಲ್ಲಿ ಹೊರಗಿನಿಂದ ಕ್ಯಾಲ್ಸಿಯಂ ಸುರಿದಾಗ, ಮೂಳೆಯಿಂದ ಅದನ್ನು ಎಳೆದುಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮರೆತು ಮಂದವಾಗುತ್ತದೆ. ಹಾಲಿಗೆ ಒಮ್ಮೆಲೇ ಬೇಕಾದಾಗ ಅದು ತಕ್ಷಣ ಎಚ್ಚೆತ್ತುಕೊಳ್ಳುವುದಿಲ್ಲ. ಪ್ರೀತಿಯಿಂದ ಮಾಡಿದ್ದೇ ಮುಳುವಾಗುವ ಈ ತಪ್ಪು ಎಷ್ಟು ಮನೆಗಳಲ್ಲಿ ನಡೆಯುತ್ತದೆಯೋ ಎಂದು ನೆನೆದರೆ ಸಂಕಟವಾಗುತ್ತದೆ. ವೈದ್ಯರು ಹೇಳದೆ ಗಬ್ಬದ ನಾಯಿಗೆ ಕ್ಯಾಲ್ಸಿಯಂ ಕೊಡಬಾರದು.

ಈ ನಡುಕ ಬಂದ ದಿನ ಮರಿಗಳನ್ನು ಕನಿಷ್ಠ 24 ಗಂಟೆ ತಾಯಿಯಿಂದ ಬಿಡಿಸಬೇಕು. ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಹಸುವಿನ ಹಾಲಿಗಿಂತ ಎರಡು ಪಟ್ಟಿಗೂ ಹೆಚ್ಚಿರುವುದರಿಂದ ಬರಿಯ ಹಸುವಿನ ಹಾಲು ಮರಿಗೆ ಸಾಲದು, ನಾಯಿಮರಿಗೆಂದೇ ಬರುವ ಹಾಲಿನ ಪುಡಿ ಬೇಕು. ಗಬ್ಬದ ಕೊನೆಯಲ್ಲಿ ಬರುವ ಸಕ್ಕರೆ ಕುಸಿತದ ನಡುಕವೂ ಹಾಲೂಡಿಸುವಾಗ ಬರುವ ಈ ನಡುಕವೂ ನೋಡಲು ಹತ್ತಿರಹತ್ತಿರ. ಹೆರಿಗೆಗೆ ಮುಂಚೆ ಕಂಡರೆ ಸಕ್ಕರೆಯನ್ನೂ ನಂತರ ಕಂಡರೆ ಕ್ಯಾಲ್ಸಿಯಮ್ಮನ್ನೂ ಮೊದಲು ಸಂಶಯಿಸುವುದು ವಾಡಿಕೆಯಾದರೂ, ಎರಡನ್ನೂ ರಕ್ತದಲ್ಲಿ ಅಳೆದು ನೋಡಬೇಕು.

ಉಳಿದ ಎರಡು ತೊಂದರೆಗಳನ್ನು ಗುರುತಿಸುವುದು ಸುಲಭ. ಒಂದು ಮೊಲೆ ಮಾತ್ರ ಗಟ್ಟಿಯಾಗಿ, ಬಿಸಿಯಾಗಿ, ನೇರಳೆಗೆ ತಿರುಗಿದರೆ ಮೊಲೆ ಬಾವು. ಹೆರಿಗೆಯ ನಂತರದ ಸ್ರಾವ ಹಸಿರಿನಿಂದ ಕೆಂಗಂದಿಗೆ ತಿರುಗಿ ಮೂರು ವಾರದ ಹೊತ್ತಿಗೆ ಕಡಿಮೆಯಾಗುತ್ತಾ ಬರಬೇಕು. ಮೊದಲ ವಾರದಲ್ಲೇ ಅದು ಕೊಳೆತ ವಾಸನೆ ಹೊಡೆದು ಜ್ವರ ಬಂದು ತಾಯಿ ಮರಿಗಳನ್ನು ಹತ್ತಿರ ಸೇರಿಸದಿದ್ದರೆ ಗರ್ಭಕೋಶದ ಸೋಂಕು. ಎರಡಕ್ಕೂ ಅಂದೇ ಚಿಕಿತ್ಸೆ ಬೇಕು. ನೋವೆಂದು ಮನುಷ್ಯರ ಐಬುಪ್ರೊಫೆನ್ ಅಥವಾ ಪ್ಯಾರಸಿಟಮಾಲ್ ಮಾತ್ರೆ ಮುರಿದು ಹಾಕಬಾರದು; 4 ಕಿಲೋ ದೇಹಕ್ಕೆ ಅರ್ಧ ಮಾತ್ರೆಯೂ ಬಹಳವಾಗುತ್ತದೆ.

ಮರಿಗಳು ಹಾಲು ಬಿಟ್ಟು, ಮೊಲೆಗಳು ಪೂರ್ತಿ ಬತ್ತಿದ ಮೇಲೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಬಹುದು. ಹಾಲಿರುವಾಗ ಮಾಡಿದರೆ ಗಾಯದ ಸುತ್ತ ರಕ್ತನಾಳಗಳು ತುಂಬಿರುತ್ತವೆ. ಬಹಳ ತಡಮಾಡಿದರೆ ಮುಂದಿನ ಬೆದೆ ಬಂದುಬಿಡುತ್ತದೆ, ಹಾಲೂಡಿಸಿದ ನಾಯಿ ಬೆದೆಗೆ ಬರುವುದಿಲ್ಲ ಎಂಬ ಮಾತು ನಂಬತಕ್ಕದ್ದಲ್ಲ. ಅದುವರೆಗೆ ಬೆದೆಯ ಮೊದಲ ಹನಿ ಕಂಡ ದಿನದಿಂದ ನಾಲ್ಕು ವಾರ ನಾಯಿಯನ್ನು ಒಳಗೇ ಇರಿಸಿ, ಹೊರಗೆ ಒಯ್ಯುವಾಗ ಹಗ್ಗ ಕೈಯಲ್ಲೇ ಇರಬೇಕು. ನಮ್ಮ ಗೇಟಿನ ಕೆಳಗಿನ ಸಂದಿಗೆ ಈಗ ತಗಡು ಬಡಿದಿದೆ, ಹಾಲಿನ ಪ್ಯಾಕೆಟ್ಟಿಗೆ ಹೊರಗಡೆಯೇ ಒಂದು ಚೀಲ ನೇತುಹಾಕಿದ್ದೇವೆ.